ಮಲ್ಪೆಯ ಸಮುದ್ರಕ್ಕೆ ಉದ್ದು ಹೆಚ್ಚಾದದ್ದು

ದಾಮೋದರ ರಾಯರ ಮನೆಯ ಚಾವಡಿಯಲ್ಲಿ ಮೊಳೆ ಇದ್ದದ್ದು ಒಂದೇ ಒಂದು. ಉಡುಪಿಯ ಆ ಹಳೆಯ ಬಾಡಿಗೆ ಮನೆಯ ಗೋಡೆ ಎಂಥದ್ದೆಂದರೆ, ಮೊಳೆಗೆ ಒಂದು ಪೆಟ್ಟು ಬಿದ್ದರೆ ಸಾಕು, ಸೇರುಗಟ್ಟಲೆ ಗಾರೆ ಉದುರಿ ಮೊಳೆ ಕೈಗೆ ವಾಪಸು ಬರುತ್ತಿತ್ತು. ಆ ಮನೆಗೆ ಬಂದ ವರ್ಷ ರಾಯರು ಹನ್ನೊಂದು ಮೊಳೆ ಹೊಡೆದು ನೋಡಿದ್ದರು. ಹತ್ತು ಬಿದ್ದವು. ಹನ್ನೊಂದನೆಯದು ಯಾವ ಜನ್ಮದ ಪುಣ್ಯವೋ ಗಟ್ಟಿಯಾಗಿ ನಿಂತಿತು. ರಾಯರು ಸುತ್ತಿಗೆ ಕೆಳಗಿಟ್ಟು ಬೆವರು ಒರೆಸಿಕೊಳ್ಳುವುದರೊಳಗೆ ಅವರ ಹೆಂಡತಿ ನರ್ಮದಾ ಅದಕ್ಕೆ ತನ್ನ ತಂದೆಯ ಫೋಟೋ ತೂಗುಹಾಕಿ ಆಗಿತ್ತು.

ಇನ್ನಂಜೆಯ ಹೃಷೀಕೇಶ ಭಟ್ಟರು (ಮುಂಡಾಸು, ಜರಿ ಶಾಲು, ಪೊದೆ ಹುಬ್ಬು) ಅಂದಿನಿಂದ ಹದಿನೆಂಟು ವರ್ಷ ಆ ಮೊಳೆಯ ಮೇಲಿಂದ ಅಳಿಯನನ್ನು ನೋಡುತ್ತಲೇ ಇದ್ದರು. ನೋಡುವ ರೀತಿಯಲ್ಲಿ ಒಂದು ಸಂಶಯ ಇತ್ತು. ಅದಕ್ಕೆ ಕಾರಣವೂ ಇತ್ತು. ಹೆಣ್ಣು ನೋಡಲು ಹೋದ ದಿನ ಅವರು ರಾಯರ ಎರಡೂ ಕೈಗಳನ್ನು ಹಿಡಿದು, ಅಂಗೈ ಮೇಲೆ ಮಾಡಿ, ಬದನೆಕಾಯಿಯಲ್ಲಿ ಹುಳ ಹುಡುಕುವವರ ಹಾಗೆ ನೋಡಿ, "ಹುಡುಗ ಒಳ್ಳೆಯವ. ಬ್ಯಾಂಕಿನಲ್ಲಿ ಕೆಲಸ ಉಂಟು. ಆದರೆ ಕೈಯಲ್ಲಿ ಕಸುಬು ಇಲ್ಲ" ಎಂದಿದ್ದರು. ಭಟ್ಟರೇನೋ ಬುಟ್ಟಿ ಹೆಣೆಯುವುದರಿಂದ ಹಿಡಿದು ಐನೂರು ಎಲೆಯ ಅಡಿಗೆಯವರೆಗೆ ಎಲ್ಲವನ್ನೂ ಬಲ್ಲವರು. ಮುಂದೆ ಅವರು ಕಾಲವಾದರು. ಆ ಮಾತು ಮಾತ್ರ ಕಾಲವಾಗಲಿಲ್ಲ. ರಾಯರಿಗೆ ಒಂದು ಬೀಗ ತೆಗೆಯಲು ತಡವಾದರೂ ಸಾಕು, ನರ್ಮದಾ ಫೋಟೋದ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯನ್ನು ತಡೆದುಕೊಳ್ಳುವ ಶಕ್ತಿ ಯಾವ ಗಂಡಸಿಗೂ ಇರುವುದಿಲ್ಲ.

ಹೀಗಿರುವಾಗ ಎಪ್ಪತ್ತೆಂಟನೆಯ ಇಸವಿಯಲ್ಲಿ, ನಲವತ್ತೇಳು ತುಂಬಿದ ರಾಯರಿಗೆ ಒಂದು ಜ್ಞಾನೋದಯವಾಯಿತು. ಮಣಿಪಾಲದಲ್ಲಿ ಲಿಯೋನೆಲ್ ಮಾಸ್ಟ್ರು ಎಂಬವರು ಶನಿವಾರ ಸಂಜೆ ಚಿತ್ರಕಲೆ ಹೇಳಿಕೊಡುತ್ತಾರಂತೆ. ಅದೂ ಹಳೆಯ ಕಾಲದ ಹಾಗೆ ಸೂರ್ಯೋದಯ, ನವಿಲು, ನೀರು ಹೊರುವ ಹೆಂಗಸು ಅಲ್ಲ. ಪ್ಯಾರಿಸಿನಲ್ಲಿ ಯಾವುದು ನಡೆಯುತ್ತದೋ ಅದು. ರಾಯರು ಸೇರಿದರು. ಚಿತ್ರ ಕಲಿಯುವುದು, ಒಂದು ಚಿತ್ರ ಬರೆಯುವುದು, ಅದನ್ನು ಆ ಮೊಳೆಗೆ ತೂಗುಹಾಕುವುದು. ಆಗ ಯಾರ ಕೈಯಲ್ಲಿ ಕಸುಬಿಲ್ಲ ಎಂದು ಮಾವನವರೇ ಹೇಳಲಿ!

ಮೊದಲ ಪಾಠ, ಎದುರಿಗೆ ಒಂದು ವಸ್ತುವನ್ನು ಇಟ್ಟುಕೊಂಡು ಬರೆಯುವುದು. ರಾಯರು ಪೇಟೆಯಿಂದ ಒಂದು ದುಂಡಗಿನ ಮಟ್ಟುಗುಳ್ಳ ಬದನೆ ತಂದು, ಚಾವಡಿಯ ಸ್ಟೂಲಿನ ಮೇಲೆ ಸ್ಥಾಪಿಸಿ, ಅರ್ಧ ಬರೆದು ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ಸ್ಟೂಲು ಖಾಲಿ.

"ನನ್ನ ಗುಳ್ಳ ಎಲ್ಲಿ?"

"ಕೊದ್ದೆಲಿಗೆ ಹಾಕಿದೆ" ಎಂದಳು ನರ್ಮದಾ ಒಳಗಿನಿಂದ.

"ಅದು ಮಾಡೆಲ್ ಮಾರಾಯ್ತಿ! ಅದನ್ನು ನೋಡಿ ನಾನು ಬರೆಯಬೇಕಿತ್ತು!"

"ಊಟಕ್ಕೆ ಕುಳಿತಾಗ ಬೇಕಾದಷ್ಟು ನೋಡಿ. ಹೋಳು ದೊಡ್ಡದೇ ಮಾಡಿದ್ದೇನೆ."

ಎರಡನೆಯ ಪಾಠ ಚುಕ್ಕಿಗಳಲ್ಲಿ ಚಿತ್ರ ಬರೆಯುವ ವಿಲಾಯತಿ ಕ್ರಮ. ಗೆರೆಯೇ ಇಲ್ಲ, ಬರೀ ಬಣ್ಣದ ಚುಕ್ಕಿ. ದೂರ ನಿಂತರೆ ಚುಕ್ಕಿಗಳು ಸೇರಿ ಚಿತ್ರವಾಗುತ್ತವೆ ಎಂದು ಮಾಸ್ಟ್ರು ಹೇಳಿದ್ದರು. ರಾಯರು ಮೂರು ವಾರ ಕುಳಿತು, ಕಣ್ಣಿನಲ್ಲಿ ನೀರು ಬರುವವರೆಗೆ ಚುಕ್ಕಿ ಇಟ್ಟು, ಕಾಪುವಿನ ದೀಪಸ್ತಂಭ ಬರೆದರು. ನರ್ಮದಾ ಸೆರಗಿನಲ್ಲಿ ಕೈ ಒರೆಸುತ್ತ ಬಂದು ನೋಡಿದಳು. ಅವಳು ದಿನಾ ಬೆಳಗ್ಗೆ ಅಂಗಳದಲ್ಲಿ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಹಾಕುವವಳು.

"ಚುಕ್ಕಿ ಇಟ್ಟದ್ದು ಚೆನ್ನಾಗಿ ಉಂಟು. ಗೆರೆ ಎಳೆಯುವುದು ಯಾವಾಗ?"

"ಗೆರೆ ಇಲ್ಲ! ಮುಗಿಯಿತು! ಇದು ಇಷ್ಟೇ!"

"ಹಾಗಾದರೆ ಅಂಗಳದಲ್ಲಿ ನಾನೂ ಇನ್ನು ಮುಂದೆ ಇಷ್ಟೇ ಮಾಡುತ್ತೇನೆ. ಬೆನ್ನಿಗೂ ಸುಖ."

ಮೂರನೆಯದು ಕ್ಯೂಬಿಸಂ. ಮೂಗು ಎದುರಿನಿಂದ, ಕಣ್ಣು ಪಕ್ಕದಿಂದ, ಕಿವಿ ಹಿಂದಿನಿಂದ, ಎಲ್ಲವನ್ನೂ ಒಂದೇ ಸಲ ಹಲಸಿನಹಣ್ಣು ಕೊಯ್ದು ಹರಡಿದ ಹಾಗೆ ತೋರಿಸುವ ಮಹಾವಿದ್ಯೆ. ರಾಯರು ಅದನ್ನು ಹೆಂಡತಿಯ ಮುಖದ ಮೇಲೆ ಪ್ರಯೋಗಿಸಿದರು. (ಬೇರೆ ಯಾರ ಮುಖವನ್ನು ಬೇಕಾದರೂ ಆರಿಸಬಹುದಿತ್ತು. ಬ್ಯಾಂಕಿನ ಮ್ಯಾನೇಜರರದ್ದು ಆದೀತು, ಹಾಲಿನವನದ್ದು ಆದೀತು. ಆದರೆ ವಿನಾಶಕಾಲ.) ನರ್ಮದಾ ಆ ಚಿತ್ರದಲ್ಲಿ ತನ್ನ ಎರಡೂ ಕಣ್ಣು ಒಂದೇ ಕೆನ್ನೆಯ ಮೇಲೆ ಇರುವುದನ್ನು ಕಂಡಳು. ಮೂಗುಬೊಟ್ಟು ಹಣೆಯ ಹತ್ತಿರ ಇತ್ತು. ಅವಳು ಏನೂ ಹೇಳಲಿಲ್ಲ. ಮೂರು ದಿನ ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನೆಲ್ಲ ಫೋಟೋಕ್ಕೆ ಹೇಳಿದಳು.

"ಅಪ್ಪಾ, ಇವರಿಗೆ ಹೇಳಿ, ಕಾಫಿ ಆಯಿತು ಅಂತ. ಲೋಟ ಮೇಜಿನ ಮೇಲೆ ಉಂಟು. ಕೆನ್ನೆಯ ಮೇಲೆ ಅಲ್ಲ."

ನಾಲ್ಕನೆಯ ದಿನ ರಾಯರು ಶರಣಾಗಿ, ಕೊನೆಗೆ ಮನಸ್ಸಿನಲ್ಲಿದ್ದುದನ್ನು ಬಾಯಿ ಬಿಟ್ಟು ಹೇಳಿಯೇಬಿಟ್ಟರು. "ನರ್ಮದಾ, ನನಗೆ ಆ ಮೊಳೆ ಬೇಕು."

ಅವಳು ಗಂಡನ ಮುಖವನ್ನೂ ಅಪ್ಪನ ಮುಖವನ್ನೂ ನೋಡಿದಳು. "ಆಗಲಿ. ಹೊರಗಿನವರು ಒಬ್ಬರಾದರೂ, ನೀವು ಹೇಳಿಸದೆ, ತಾವಾಗಿ 'ಇದು ನನಗೆ ಬೇಕು' ಅಂತ ನಿಮ್ಮ ಚಿತ್ರವನ್ನು ಕೇಳಲಿ. ಆ ದಿನ ಅಪ್ಪನನ್ನು ನಾನೇ ಇಳಿಸುತ್ತೇನೆ. ಅಲ್ಲಿಯವರೆಗೆ ಮೊಳೆಯ ಸುದ್ದಿ ಎತ್ತಬಾರದು."

ರಾಯರು ಒಪ್ಪಿದರು. ಅದೇ ತಿಂಗಳ ಕೊನೆಗೆ ಲಿಯೋನೆಲ್ ಮಾಸ್ಟ್ರು ಶಿಷ್ಯರ ಚಿತ್ರಗಳದ್ದೊಂದು ಪ್ರದರ್ಶನ ಇಡುವವರಿದ್ದರು. ನೋಡಲು ಬರುವವರು ಕಾರ್ಕಳದ ಎಲಿಜಬೆತ್ ಟೀಚರ್. ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದ ಈ ಟೀಚರರ ಬಾಯಿಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲ." ಅದೂ ಎರಡು ಸಲ ಮಾತ್ರ ಎಂದು ಪ್ರತೀತಿ.

"ಅವರದ್ದೊಂದು ಕ್ರಮ ಉಂಟು, ರಾಯರೇ" ಎಂದು ಮಾಸ್ಟ್ರು ಎಚ್ಚರಿಸಿದರು. "ಹಿಂದೆ ಯಾರೋ ಅಣ್ಣನ ಚಿತ್ರ ತಂದು ತನ್ನದು ಅಂತ ಇಟ್ಟಿದ್ದರಂತೆ. ಆಮೇಲಿನಿಂದ ಅವರು ಎಲ್ಲರಿಂದಲೂ ಒಂದು ಮೂಲೆಯನ್ನಾದರೂ ಎದುರಿಗೇ ಮಾಡಿಸಿ ನೋಡುತ್ತಾರೆ. ಸಾಮಾನೆಲ್ಲ ಹಿಡಿದುಕೊಂಡು ಬನ್ನಿ."

"ಯಾವ ಬಣ್ಣದಲ್ಲಿ ಬರೆಯುವುದು ಮಾಸ್ಟ್ರೇ?"

"ಟೆಂಪೆರಾದಲ್ಲಿ. ಬಣ್ಣದ ಪುಡಿಗೆ ಮೊಟ್ಟೆಯ ಅರಶಿನ ಭಾಗ ಕಲಸುವುದು."

ರಾಯರು ಕಿವಿ ಮುಚ್ಚಿಕೊಳ್ಳಲಿಲ್ಲ, ಅಷ್ಟೇ. ಅವರ ಬೀದಿಯಲ್ಲಿ ಈರುಳ್ಳಿಯನ್ನೇ ಚೀಲದ ಅಡಿಯಲ್ಲಿಟ್ಟು ಮೇಲೆ ಬಾಳೆಎಲೆ ಮುಚ್ಚಿ ತರುವ ಪದ್ಧತಿ. ಅಲ್ಲಿಗೆ ಮೊಟ್ಟೆ! ನರ್ಮದಾಳ ಅಡಿಗೆಮನೆಗೆ!

"ಅಯ್ಯೋ, ಹಾಗಾದರೆ ಬೇಡ ಮಾರಾಯ್ರೆ" ಎಂದರು ಮಾಸ್ಟ್ರು, ಪಾಪ, ತಾವೇ ಗಾಬರಿಯಾಗಿ. "ಬೇಕಾದ್ದು ಅಂಟು. ನಿಮ್ಮಲ್ಲಿ ಬೇರೆ ಯಾವುದಾದರೂ ಅಂಟು ಇದ್ದರೆ ನೋಡಿ."

ಬಸ್ಸಿನಲ್ಲಿ ಇಳಿದು ಬರುವಾಗ ರಾಯರು ಯೋಚಿಸಿದರು. ಹಳೆಯ ಕಾಲದವರು ಮನೆ ಕಟ್ಟುವಾಗ ಗಾರೆಗೆ ಉದ್ದು, ಬೆಲ್ಲ ಹಾಕಿ ಅರೆಯುತ್ತಿದ್ದರಂತೆ. (ತಮ್ಮ ಬಾಡಿಗೆ ಮನೆಗೆ ಹಾಕಿರಲಿಕ್ಕಿಲ್ಲ.) ಉದ್ದಿಗಿಂತ ದೊಡ್ಡ ಅಂಟು ಯಾವುದು? ಅದು ಮನೆಯಲ್ಲೇ ಉಂಟಲ್ಲ! ನಾಳೆಯ ದೋಸೆಗೆ ನರ್ಮದಾ ಹೇಗೂ ಇವತ್ತು ಕಡೆದಿಟ್ಟಿರುತ್ತಾಳೆ. ಅಂಥ ಸಾತ್ವಿಕ ಟೆಂಪೆರಾ ಪ್ಯಾರಿಸಿನಲ್ಲೂ ಸಿಕ್ಕಲಿಕ್ಕಿಲ್ಲ.

ನರ್ಮದಾ ತುಳಸಿಗೆ ದೀಪ ಇಡಲು ಹೋದ ಹೊತ್ತು ನೋಡಿ ರಾಯರು ಒಂದು ಚೆಂಬು ಹಿಟ್ಟು ತೆಗೆದರು. ಕಾವಿಮಣ್ಣು, ಅರಶಿನ, ಬಟ್ಟೆಗೆ ಹಾಕುವ ನೀಲಿ, ದೀಪದ ಕಾಡಿಗೆ ಬೇರೆ ಬೇರೆ ಗೆರಟೆಯಲ್ಲಿ ಕಲಸಿ, ಪ್ಲೈವುಡ್ ಹಲಗೆಯ ಮೇಲೆ ಮಲ್ಪೆಯ ಬಂದರನ್ನು ಬರೆದರು. ಸಮುದ್ರ, ಏಳು ದೋಣಿ. ಬೇಗ ಒಣಗಲಿ ಎಂದು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟರು. ಮನೆಯಲ್ಲಿ ಅತ್ಯಂತ ಬೆಚ್ಚಗಿನ ಜಾಗ ಅದು. ಹಿಟ್ಟು ಬೇಗ ಹುಳಿ ಬರಬೇಕಾದರೆ ನರ್ಮದಾ ಪಾತ್ರೆ ಇಡುವುದೂ ಅಲ್ಲೇ. ಇದು ರಾಯರಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವರಿಗೆ ದೋಸೆಯ ಪರಿಚಯ ಆಗುತ್ತಿದ್ದದ್ದು ಅದು ತಟ್ಟೆಗೆ ಬಿದ್ದ ಮೇಲೆ.

ಬೆಳಗ್ಗೆ ಅಡಿಗೆಮನೆಯಿಂದ ಒಂದು ಉದ್ಗಾರ ಕೇಳಿತು. "ಓ ಇವರೇ, ಇಲ್ಲಿ ಬನ್ನಿ. ನಮ್ಮ ಮನೆಯ ದೋಸೆ ಸನ್ಯಾಸ ತೆಗೆದುಕೊಂಡಿದೆ!"

ಕಾವಲಿಯ ಮೇಲೆ ಒಂದು ಕಾವಿ ಬಣ್ಣದ ದೋಸೆ ಶಾಂತವಾಗಿ ಬೇಯುತ್ತಿತ್ತು. ರಾಯರು ಬಣ್ಣ ಕಲಸಿದ ಸೌಟನ್ನು ತೊಳೆಯದೆ ಹಿಟ್ಟಿನ ಪಾತ್ರೆಗೇ ವಾಪಸು ಹಾಕಿದ್ದರು.

"ಹಿಟ್ಟೂ ಕಡಿಮೆ ಉಂಟು. ಬೆಕ್ಕು ಹಿಟ್ಟು ಕುಡಿಯಬಹುದು, ಕಾವಿ ಕಲಸಿ ಹೋಗುವ ಬೆಕ್ಕು ಈ ಊರಿನಲ್ಲಿ ಇಲ್ಲ. ಎಂತ ಮಾಡಿದಿರಿ, ಹೇಳಿ."

ಹೇಳುವ ಅಗತ್ಯ ಬೀಳಲಿಲ್ಲ. ಅಟ್ಟದಿಂದ ಪೊತ್ತೆಂದು ಏನೋ ಒಲೆಯ ಕಟ್ಟೆಗೆ ಬಿತ್ತು. ರಾಯರು ಏಣಿ ಹತ್ತಿ ಹಲಗೆಯನ್ನು ಇಳಿಸಿದರು. ಮಲ್ಪೆ ಉಬ್ಬಿತ್ತು. ಸಮುದ್ರ ಹುಳಿ ಬಂದು, ಗುಳ್ಳೆಗುಳ್ಳೆಯಾಗಿ, ಹಲಗೆಯ ಅಂಚು ದಾಟಿ ಹೊರಗೆ ಇಳಿದಿತ್ತು. ದೋಣಿಗಳು ಒಂದೊಂದೂ ಇಡ್ಲಿಯಷ್ಟು ದಪ್ಪವಾಗಿ, ಆರು ಮಾತ್ರ ಉಳಿದಿದ್ದವು. ಏಳನೆಯದು ಒಲೆಯ ಕಟ್ಟೆಯ ಮೇಲಿತ್ತು.

ರಾಯರು ತಲೆ ತಗ್ಗಿಸಿ ಬೈಗುಳಕ್ಕೆ ಕಾದರು. ಬೈಗುಳ ಬಂತು, ಆದರೆ ಬೇರೆಯೇ ದಿಕ್ಕಿನಿಂದ.

"ಚಿತ್ರಕ್ಕೆ ಮೆಂತೆ ಹಾಕಿದ ಹಿಟ್ಟು ಬಳಸುತ್ತಾರಾ ಯಾರಾದರೂ? ಉಬ್ಬದೆ ಎಂತ ಮಾಡೀತು?" ನರ್ಮದಾ ಸಮುದ್ರದ ಒಂದು ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಉದ್ದೂ ಹೆಚ್ಚಾಯಿತು. ನುಣ್ಣಗೂ ಆಗಲಿಲ್ಲ. ನನ್ನ ಹಿಟ್ಟನ್ನು ಹೀಗೆ ನಾಲ್ಕು ಜನರ ಎದುರು ಇಟ್ಟರೆ ನನ್ನ ಮರ್ಯಾದೆ ಎಂತ ಆಗಬೇಕು?"

ಗಂಡ ಹಾಳುಮಾಡಿದ ಚಿತ್ರವನ್ನು ಅವಳು ಕ್ಷಮಿಸಬಲ್ಲಳು. ಹಾಳಾದ ಹಿಟ್ಟನ್ನು ಹೇಗೆ ಕ್ಷಮಿಸುವುದು? ಅದೇ ಮಧ್ಯಾಹ್ನ ಅವಳು ಅಕ್ಕಿಯನ್ನು ಬಿಟ್ಟು, ಮೆಂತೆಯನ್ನು ಬಿಟ್ಟು, ಬರೀ ಉದ್ದಿಗೆ ಬೇಯಿಸಿದ ಹುಣಸೆಬೀಜ ಸೇರಿಸಿ ಬೆಣ್ಣೆಯ ಹಾಗೆ ಕಡೆದಳು. ಹುಳಿ ಬರಬಾರದೆಂದು ಸುಣ್ಣದ ತಿಳಿ ಎರಡು ಸೌಟು ಹಾಕಿದಳು. ನೀಲಿ ಕಲಸಿದಳು. ಹಳೆಯದನ್ನೆಲ್ಲ ಕೆರೆದು ತೆಗೆದ ಹಲಗೆಯನ್ನು ನೆಲದ ಮೇಲಿಟ್ಟು, ಕಾವಲಿಯ ಎದುರು ಕುಳಿತ ಹಾಗೆ ಕುಳಿತು, ಸೌಟಿನ ಬೆನ್ನಿನಿಂದ ಸುತ್ತಿದಳು. ಒಂದು ಸುತ್ತು, ಅದರ ಪಕ್ಕ ಇನ್ನೊಂದು, ಅಂಚಿಗೆ ಅಂಚು ತಾಗಿ ಮತ್ತೊಂದು. ಸುತ್ತಿನ ಏರಿಗಳೆಲ್ಲ ಅಲೆಗಳಾದವು. ರಾಯರು ಪಕ್ಕದಲ್ಲಿ ಕುಂಚ ಹಿಡಿದು, "ಸ್ವಲ್ಪ ಎಡಕ್ಕೆ, ಹಾಂ, ಅಲ್ಲಿ" ಎಂದು ನಿರ್ದೇಶನ ಕೊಡುತ್ತಿದ್ದರು. ಅವಳು ಒಂದನ್ನೂ ಕೇಳಲಿಲ್ಲ.

"ಇನ್ನು ದೋಣಿ ನೀವು ಬರೆಯಿರಿ" ಎಂದಳು ಏಳುತ್ತ. "ಅದಕ್ಕೆ ಬೆಲ್ಲ ಮಾತ್ರ ಹಾಕಬೇಡಿ. ಇರುವೆ ಬರುತ್ತದೆ."

"ಹಳೆಯ ಗಾರೆಗೆ ಹಾಕುತ್ತಿದ್ದರು. ಹೊಳಪು ಬರುತ್ತದೆ."

"ಇರುವೆ ಬರುತ್ತದೆ."

"ಸಮುದ್ರ ನಿನ್ನದಾದರೆ ದೋಣಿ ನನ್ನದು" ಎಂದು ರಾಯರು ಕಲಾಸ್ವಾತಂತ್ರ್ಯವನ್ನು ಘೋಷಿಸಿ, ಹಿಡಿಯಷ್ಟು ಬೆಲ್ಲ ಕರಗಿಸಿ, ಏಳು ದೋಣಿಗಳನ್ನು ಮಿರಮಿರ ಹೊಳೆಯುವ ಹಾಗೆ ಬರೆದರು.

ಪ್ರದರ್ಶನದ ದಿನ ಗಂಡಹೆಂಡಿರು ಮಣಿಪಾಲದ ಬಸ್ಸು ಹತ್ತಿದರು. ರಾಯರ ಕಂಕುಳಲ್ಲಿ ಹಳೆ ಪಂಚೆ ಸುತ್ತಿದ ಚಿತ್ರ, ನರ್ಮದಾಳ ತೊಡೆಯ ಮೇಲೆ ನೀಲಿ ಹಿಟ್ಟಿನ ತೂಕುಪಾತ್ರೆ, ಸೌಟು. ಕಂಡಕ್ಟರು ಪಾತ್ರೆಯೊಳಗೆ ಇಣುಕಿ, "ಎಂತ ಅಮ್ಮಾ ಇದು?" ಎಂದ. "ಸಮುದ್ರ" ಎಂದಳು ನರ್ಮದಾ. ಅವನು ಮುಂದಿನ ಸೀಟಿಗೆ ಹೋದ.

ಪ್ರದರ್ಶನದ ಹಾಲಿನಲ್ಲಿ ಇಪ್ಪತ್ತು ಚಿತ್ರಗಳಿದ್ದವು. ಎಲಿಜಬೆತ್ ಟೀಚರ್ ಕನ್ನಡಕದ ಮೇಲಿಂದ ನೋಡುತ್ತ ಬಂದರು. ಒಂದರ ಎದುರು "ಹೂಂ" ಎಂದರು, ಇನ್ನೊಂದರ ಎದುರು ಅದೂ ಇಲ್ಲ. ರಾಯರ ಚಿತ್ರದ ಎದುರು ನಿಂತರು. ಮುಂದೆ ಹೋಗಲಿಲ್ಲ. ಬಗ್ಗಿದರು. ಪಕ್ಕದಿಂದ ನೋಡಿದರು. ಒಂದು ಬೆರಳು ಚಾಚಿ ಅಲೆಯ ಏರಿಯನ್ನು ಮೆಲ್ಲಗೆ ಮುಟ್ಟಿದರು.

"ಈ ಸಮುದ್ರ ಮಾಡಿದವರು ಯಾರು?"

"ನಾನೇ" ಎಂದರು ರಾಯರು. (ಹದಿನೆಂಟು ವರ್ಷದ ಆಸೆ ನಾಲಗೆಯ ತುದಿಯಲ್ಲಿ ಕುಳಿತಿರುವಾಗ ಸತ್ಯಕ್ಕೆ ಕುಳಿತುಕೊಳ್ಳಲು ಜಾಗ ಎಲ್ಲಿ?)

"ಒಂದು ಸುತ್ತು ಮಾಡಿ ತೋರಿಸಿ."

ಮಾಸ್ಟ್ರು ಖಾಲಿ ಹಲಗೆಯೊಂದನ್ನು ಮೇಜಿನ ಮೇಲಿಟ್ಟರು. ರಾಯರು ತೂಕುಪಾತ್ರೆ ತೆಗೆದು, ಗಂಭೀರವಾಗಿ ಒಂದು ಸೌಟು ಹಿಟ್ಟು ಹೊಯ್ದು, ಸುತ್ತಿದರು. ಹಿಟ್ಟು ಸೌಟಿನ ಜೊತೆಗೇ ಎದ್ದು ಬಂತು. ನಡುವೆ ತೂತು ಬಿತ್ತು. ಎರಡನೆಯದು ಸುತ್ತಾಗದೆ ಕರ್ನಾಟಕದ ಭೂಪಟವಾಯಿತು, ಬೀದರದ ಹತ್ತಿರ ಸ್ವಲ್ಪ ಹರಿದು. ಮೂರನೆಯದನ್ನು ನೋಡಿ ಹಿಂದೆ ನಿಂತವರಲ್ಲಿ ಯಾರೋ ಕೆಮ್ಮಿದರು. ಮಹಾಪುರುಷರಾದ ರಾಯರು ತಮ್ಮ ಜೀವಮಾನದಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ದೋಸೆ ತಿಂದಿದ್ದರು, ಒಂದನ್ನೂ ಹೊಯ್ದಿರಲಿಲ್ಲ.

"ಕೈ ಒತ್ತಬೇಡಿ" ಎಂದು ಹಿಂದಿನಿಂದ ನರ್ಮದಾ ಸಣ್ಣ ದನಿಯಲ್ಲಿ ಹೇಳಿಕೊಟ್ಟಳು. "ಸೌಟು ತೇಲಬೇಕು."

ರಾಯರು ತಿರುಗಿ ಹೆಂಡತಿಯನ್ನು ನೋಡಿದರು. ಅವಳ ಮುಖದಲ್ಲಿ ನಗೆ ಇರಲಿಲ್ಲ. ಗಂಡನ ಮಾನ ಹೋಗುತ್ತದಲ್ಲ ಎಂಬ ಕಳವಳ ಮಾತ್ರ ಇತ್ತು. ಅದನ್ನು ಕಂಡು ರಾಯರಿಗೆ ನಿಜವಾಗಿ ನಾಚಿಕೆಯಾಯಿತು. ಕ್ಯೂಬಿಸಂ ಮಾಡಿ ಇಟ್ಟಿದ್ದೆನಲ್ಲ ಇದೇ ಮುಖವನ್ನು, ಎನಿಸಿತು. ಅವರು ಸೌಟನ್ನು ಅವಳ ಕೈಗೆ ಕೊಟ್ಟರು.

"ಟೀಚರ್, ಸುಳ್ಳು ಹೇಳಿದೆ. ಸಮುದ್ರ ಇವಳದ್ದು. ದೋಣಿ ಮಾತ್ರ ನನ್ನದು."

ನರ್ಮದಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ರಾಯರ ಭೂಪಟಗಳನ್ನೆಲ್ಲ ಒಂದೇ ಸಲ ಒರೆಸಿ ತೆಗೆದಳು. ಹಿಟ್ಟು ಹೊಯ್ದಳು. ಸೌಟು ಒಮ್ಮೆ ಇಳಿಯಿತು, ಎಲ್ಲೂ ನಿಲ್ಲದೆ ಹೊರಗೆ ಹೊರಗೆ ಹೋಯಿತು, ಎದ್ದಿತು. ಮೇಜಿನ ಮೇಲೆ ಅಲೆಯೊಂದು ತೆರೆದುಕೊಂಡಿತ್ತು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅವರೆಲ್ಲ ಬೆಳಗ್ಗೆ ಮನೆಯಲ್ಲಿ ಇದನ್ನೇ ನೋಡದೆ ತಿಂದು ಬಂದವರು.

ಎಲಿಜಬೆತ್ ಟೀಚರ್ ಕನ್ನಡಕ ತೆಗೆದರು. "ಚೆನ್ನಾಗಿ ಉಂಟು" ಎಂದರು. ಲಿಯೋನೆಲ್ ಮಾಸ್ಟ್ರು ಹತ್ತಿರದ ಕುರ್ಚಿಯನ್ನು ಹಿಡಿದುಕೊಂಡರು. ಇಂಥ ಮಾತು ಆ ಬಾಯಿಯಿಂದ ಬಂದದ್ದನ್ನು ಕೇಳಿದವರು ಜೀವಂತ ಯಾರೂ ಇರಲಿಲ್ಲ.

"ಇದು ನನಗೆ ಬೇಕು" ಎಂದು ಟೀಚರ್ ಗೋಡೆಯ ಮೇಲಿನ ಚಿತ್ರವನ್ನು ತೋರಿಸಿದರು.

ರಾಯರು ನೆಲದಿಂದ ನಾಲ್ಕು ಅಂಗುಲ ಮೇಲಕ್ಕೆದ್ದರು. ಹೇಳಿಸದೆ! ತಾವಾಗಿ! ಹೊರಗಿನವರು! ಮೊಳೆ!

"ಆದರೆ ಮೇಲೆ ಇವು ಇವೆಯಲ್ಲ, ಎಂತ, ದೋಣಿಗಳಾ? ಇವನ್ನು ಕೆರೆದು ತೆಗೆಯಲಿಕ್ಕೆ ಆಗುತ್ತದಾ?"

ರಾಯರು ನಾಲ್ಕು ಅಂಗುಲ ಕೆಳಗಿಳಿದರು. ಅವರು ಬಾಯಿ ತೆರೆಯುವ ಮೊದಲೇ ನರ್ಮದಾ ಚಿತ್ರದ ಎದುರು ಬಂದು ನಿಂತಿದ್ದಳು.

"ಅದು ಆಗಲಿಕ್ಕಿಲ್ಲ ಟೀಚರ್. ಅವು ನಮ್ಮ ಯಜಮಾನರ ದೋಣಿಗಳು. ನಿಮಗೆ ಬೇರೆ ಸಮುದ್ರ ಮಾಡಿಕೊಡುತ್ತೇನೆ, ಎಷ್ಟು ದೊಡ್ಡದು ಬೇಕು ಹೇಳಿ."

ಮನೆಗೆ ಬಂದವಳೇ ಅವಳು ಸ್ಟೂಲು ಹತ್ತಿ ಅಪ್ಪನನ್ನು ಇಳಿಸಿದಳು. "ಟೀಚರ್ ಕೇಳಿದ್ದು ಸಮುದ್ರವನ್ನಲ್ಲವಾ?" ಎಂದು ರಾಯರೇ ಅನುಮಾನಿಸಿದರು. "ಸಮುದ್ರ ಇರುವುದು ಚಿತ್ರದಲ್ಲಿ ತಾನೇ? ಮಾತು ಮಾತೇ. ಸುತ್ತಿಗೆ ಹಿಡಿದು ನಿಲ್ಲಬೇಡಿ, ಮೊಳೆ ಅಲುಗೀತು." ಮಲ್ಪೆಯ ಬಂದರು ಮೊಳೆಯನ್ನು ಏರಿತು. ಮೂಲೆಯಲ್ಲಿ ಹೆಸರನ್ನೂ ರಾಯರೇ ಬರೆದರು: ಸಮುದ್ರ, ನರ್ಮದಾ. ದೋಣಿ, ದಾಮೋದರ. ಹೃಷೀಕೇಶ ಭಟ್ಟರು ಎದುರಿನ ರೇಡಿಯೋ ಪೆಟ್ಟಿಗೆಯ ಮೇಲೆ ಗೋಡೆಗೆ ಒರಗಿ ಕುಳಿತು, ದಿನವಿಡೀ ಅದನ್ನೇ ನೋಡಬೇಕಾಗಿ ಬಂತು. ಆ ರಾತ್ರಿ ರಾಯರಷ್ಟು ಸುಖವಾಗಿ ಉಡುಪಿಯಲ್ಲಿ ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ.

ಒಂದು ವಾರದ ನಂತರ ಗೋಡೆಯ ಮೇಲೆ ಒಂದು ಕಪ್ಪು ಗೆರೆ ಕಾಣಿಸಿತು. ಇರುವೆ. ಅವು ನರ್ಮದಾಳ ಸಮುದ್ರವನ್ನು ಮೂಸಿಯೂ ನೋಡಲಿಲ್ಲ. ಸುಣ್ಣ, ಹುಣಸೆಬೀಜ ಅವಕ್ಕೆ ಬೇಡ. ನೆಟ್ಟಗೆ ಬೆಲ್ಲದ ದೋಣಿಗಳಿಗೆ ಹೋದವು. ರಾಯರು ಅರಶಿನಪುಡಿಯ ರೇಖೆ ಎಳೆದರು, ಸೀಮೆಎಣ್ಣೆ ಒರೆಸಿದರು, ರಾಜಿ ಮಾತುಕತೆಯೆಂದು ನೆಲದಲ್ಲಿ ಬೇರೆ ಬೆಲ್ಲ ಇಟ್ಟರು. ಇರುವೆಗಳು ಅದನ್ನೂ ತಿಂದು ಇದನ್ನೂ ತಿಂದವು. ದಿನಕ್ಕೊಂದು ದೋಣಿಯಂತೆ ಬಂದರು ಖಾಲಿಯಾಯಿತು. ಕೊನೆಗೆ ಮೊಳೆಯ ಮೇಲೆ ಉಳಿದದ್ದು ಎಲಿಜಬೆತ್ ಟೀಚರ್ ಕೇಳಿದ್ದ ಅದೇ ಚಿತ್ರ, ನಿಷ್ಕಳಂಕ ಸಮುದ್ರ. ಬಂದವರು ಮೂಲೆಯ ಹೆಸರನ್ನು ಓದಿ "ದೋಣಿ ಎಲ್ಲಿ ರಾಯರೇ?" ಎಂದರೆ, ಅವರು ಎದೆಯುಬ್ಬಿಸಿ, "ಮೀನಿಗೆ ಹೋಗಿವೆ" ಎನ್ನುತ್ತಿದ್ದರು. ಇರುವೆಯ ವಿಷಯ ನರ್ಮದಾ ಒಂದು ಸಲವೂ ಎತ್ತಲಿಲ್ಲ. ಎತ್ತಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಲಿಯೋನೆಲ್ ಮಾಸ್ಟ್ರ ಶಿಷ್ಯವೃಂದ ಪೂರ್ತಿ ಈಗ ಶನಿವಾರ ಸಂಜೆ ಅವಳ ಚಾವಡಿಯಲ್ಲಿ ಸೌಟು ಹಿಡಿದು ಕುಳಿತಿರುತ್ತಿತ್ತು, ಮುಂದಿನ ಸಾಲಿನಲ್ಲಿ ಮಾಸ್ಟ್ರೂ ಸಹ.

ಅಷ್ಟು ಜನಕ್ಕೆ ಬೇಕಾದ ಹಿಟ್ಟನ್ನು ಕಡೆಯುವವರು ಯಾರು ಎಂದು ಓದುಗರು ಕೇಳಬಹುದು. ಶನಿವಾರ ಬ್ಯಾಂಕು ಅರ್ಧ ದಿನ. ಮಧ್ಯಾಹ್ನ ಊಟವಾದ ಕೂಡಲೇ ದಾಮೋದರ ರಾಯರು ಪಂಚೆ ಮೇಲೆತ್ತಿ ಕಟ್ಟಿ ಕಡೆಯುವ ಕಲ್ಲಿನ ಎದುರು ಕುಳಿತರೆ ಏಳುವುದು ನಾಲ್ಕು ಗಂಟೆಗೆ. ಮೊದಮೊದಲು ಅಂಗೈಯಲ್ಲಿ ಬೊಬ್ಬೆ ಎದ್ದವು. ಆಮೇಲೆ ಒಡೆದವು. ಆಮೇಲೆ ಚರ್ಮ ದಪ್ಪವಾಗಿ ಗಟ್ಟಿಯಾಯಿತು. ಒಂದು ಶನಿವಾರ ಹಿಟ್ಟಿನ ಹದ ನೋಡಲು ಬಂದ ನರ್ಮದಾ, ಬೆರಳಲ್ಲಿ ಉಜ್ಜಿ ನೋಡಿ, ಮೆಚ್ಚಿ, ಗಂಡನ ಕೈ ಹಿಡಿದು ಚಾವಡಿಗೆ ಕರೆದುಕೊಂಡು ಹೋದಳು. ರೇಡಿಯೋ ಪೆಟ್ಟಿಗೆಯ ಎದುರು ನಿಲ್ಲಿಸಿ ಅವರ ಎರಡೂ ಅಂಗೈಗಳನ್ನು ಮೇಲೆ ಮಾಡಿ ಹಿಡಿದಳು.

"ಅಪ್ಪಾ, ಈಗ ನೋಡಿ. ಕೈಯಲ್ಲಿ ಕಸುಬು ಉಂಟು."

ಭಟ್ಟರು ಪೊದೆ ಹುಬ್ಬಿನ ಕೆಳಗಿಂದ ಬಹಳ ಹೊತ್ತು ನೋಡಿದರು. ಒಪ್ಪಿಕೊಂಡ ಹಾಗೇ ಕಂಡಿತು. ರಾಯರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು. ಆದರೆ ಕಲ್ಲಿನಲ್ಲಿ ಉದ್ದು ಅರ್ಧ ಬಾಕಿ ಇತ್ತು, ಶಿಷ್ಯರು ಬರುವ ಹೊತ್ತೂ ಆಗಿತ್ತು.